ಮಾಣಿಕ ಕೇಳಿದ ಮುಂಗಡ ಟಪಲಿ

ಭಾಲ್ಕಿ ಸ್ಟೇಷನ್ನಿನ ಹಿಂದಿದ್ದ ಹತ್ತಿ ಗಿರಣಿಯಲ್ಲಿ ಕಾಂಟಾ ಹಿಡಿದು ಹತ್ತಿ ತೂಗುತ್ತಿದ್ದ ಮಾಣಿಕ ಮೆಹಕರದವನು. ಎತ್ತರವೆಂದರೆ ಎತ್ತರ. ಹೊತ್ತಿಗೊಮ್ಮೆ ಹಣೆ ಬಡಿಸಿಕೊಳ್ಳುತ್ತಾನೆಂದು ಅವನ ಹೆಂಡತಿ ಕೇಶರಬಾಯಿ ಮನೆಯ ಚೌಕಟ್ಟಿಗೆ ಹಳೆಯ ಗೋಣಿ ಸುತ್ತಿ ಕಟ್ಟಿದ್ದಳು. ಗಿರಣಿಯ ಮ್ಯಾನೇಜರ ಗುಂಡೇರಾವ ಅಷ್ಟೇ ಗಿಡ್ಡ. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲವಾಗಿ ಕಾಲಡಿಗೆ ಅರಳೆಯ ಚೀಲ ಇಡಿಸಿಕೊಳ್ಳುತ್ತಿದ್ದ. ಇವರಿಬ್ಬರನ್ನೂ ಒಂದೇ ಕಾಂಪೌಂಡಿನೊಳಗೆ ಕೂಡಿಹಾಕಿದ ದೇವರಿಗೆ ಅವತ್ತು ಬೇರೆ ಕೆಲಸವಿರಲಿಲ್ಲವೇನೋ.

ಗುಂಡೇರಾವನಿಗೆ ಟಪಲಿ ಕೊಡುವ ಚಟ. ಟಪಲಿ ಎಂದರೆ ಕಪಾಳಕ್ಕೆ ಬಿಗಿಯುವುದಲ್ಲ, ಅಂಗೈ ಬಿಚ್ಚಿ ತಲೆಯ ಹಿಂಭಾಗಕ್ಕೆ ಒಂದು ಹಾಕುವುದು. ನೋವು ಅಷ್ಟಕ್ಕಷ್ಟೆ, ಆದರೆ ಸದ್ದು ಗೇಟಿನ ಆಚೆಗೂ ಕೇಳುತ್ತದೆ. ಮಾನ ಹೋಗುವುದು ಆ ಸದ್ದಿನಿಂದಲೇ. ಔರಾದ ಕಡೆಯ ಬಂಡಿಗಳು ತಡವಾಗಿ ಬಂದರೆ ಮಾಣಿಕನಿಗೆ ಟಪಲಿ. ಬೇಗ ಬಂದು ದಾರಿ ಕಟ್ಟಿದರೂ ಟಪಲಿ. ಅಕಾಲದ ಮಳೆ ಬಿದ್ದು ಹತ್ತಿ ನೆನೆದಾಗ ಮೋಡವಂತೂ ಕೈಗೆ ಸಿಗುವುದಿಲ್ಲ, ಮಾಣಿಕ ಸಿಗುತ್ತಿದ್ದ.

ಹೇಗೆ ಸಿಗುತ್ತಿದ್ದ ಎಂದು ಕೇಳಬೇಕು. ಗುಂಡೇರಾವ ತುದಿಗಾಲಲ್ಲಿ ನಿಂತರೂ ಅವನ ಕೈ ಮಾಣಿಕನ ಭುಜದಿಂದ ಮೇಲೆ ಹೋಗುತ್ತಿರಲಿಲ್ಲ. ಮೊದಲ ವರ್ಷ ಒಮ್ಮೆ ಹಾರಿ ಹೊಡೆಯಲು ಹೋಗಿ, ಧೋತರದ ಕಚ್ಚೆ ಕಾಲಿಗೆ ಸಿಕ್ಕು, ಹತ್ತಿಯ ರಾಶಿಯಲ್ಲಿ ಮುಳುಗಿಬಿಟ್ಟ. ಎರಡು ಕಾಲು ಮಾತ್ರ ಮೇಲೆ ಕಾಣುತ್ತಿದ್ದವು. ಇಡೀ ಗಿರಣಿ ನಕ್ಕಿತು. ನಕ್ಕವರಲ್ಲಿ ಇಬ್ಬರು ದಿನಗೂಲಿಯ ಆಳುಗಳಿಗೆ ಮರುದಿನದಿಂದ ಗೇಟು ಮುಚ್ಚಿತು. ಮಾಣಿಕನಿಗೆ ಆಗ ತೊಟ್ಟಿಲಲ್ಲಿ ಮಗಳಿದ್ದಳು. ಅಂದಿನಿಂದ ಗುಂಡೇರಾವ ಸಿಟ್ಟಿನಲ್ಲಿ ಬರುತ್ತಿದ್ದಾನೆ ಎಂದರೆ ಸಾಕು, ಮಾಣಿಕ ತಾನಾಗಿಯೇ ಸೊಂಟ ಬಗ್ಗಿಸಿ ತಲೆಯನ್ನು ಅನುಕೂಲವಾದ ಮಟ್ಟಕ್ಕೆ ಇಳಿಸುತ್ತಿದ್ದ. ಟಪ್ ಎಂದು ಒಂದು ಬೀಳುತ್ತಿತ್ತು, ಮತ್ತೆ ಎದ್ದು ನಿಂತು ತೂಗುತ್ತಿದ್ದ. ನಿಜಾಮನ ರಾಜ್ಯ ಹೋಯಿತು, ಹೈದರಾಬಾದ ಸಂಸ್ಥಾನ ಹಿಂದೂಸ್ತಾನಕ್ಕೆ ಸೇರಿತು, ಟಪಲಿ ಮಾತ್ರ ತನ್ನ ಹೊತ್ತಿಗೆ ತಾನು ಬೀಳುತ್ತಲೇ ಇತ್ತು.

ಆ ಮಾಣಿಕ ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ, ಇದನ್ನು ಹೇಳಲೇಬೇಕು. ಕೈ ಎತ್ತುವುದು ಗಿರಣಿಯ ಕೆಲಸ, ಅದನ್ನು ಮನೆಗೆ ತರಬಾರದು ಎಂದು ಅವನ ಲೆಕ್ಕ. ಮಗಳು ಅನುಸೂಯಾ ಏಳನೆಯ ಇಯತ್ತೆಯವರೆಗೆ ಸಾಲಿಗೆ ಹೋಗಿ, ಅಪ್ಪನ ಎತ್ತರದಲ್ಲಿ ಅರ್ಧ ಪಾಲು ಪಡೆದು, ಎದುರು ಮಾತಾಡುವುದರಲ್ಲಿ ಅವ್ವನ ಪೂರಾ ಪಾಲು ಪಡೆದು ಬೆಳೆದಿದ್ದಳು. ಅವಳ ಮೈಮೇಲೆ ಯಾರದೂ ಒಂದು ಏಟು ಬಿದ್ದಿರಲಿಲ್ಲ. ಅವಳ ಲಗ್ನದ ಮಾತು ಬಂದಾಗಲೇ ಈ ಕತೆಗೆ ಕಾವು ಏರಿದ್ದು.

ಅದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಹತ್ತಿಯ ಹಂಗಾಮು ಆಗಷ್ಟೇ ಶುರುವಾಗಿತ್ತು. ಗಂಡಿನ ತಂದೆ ಕಾಶೀರಾಮ ಕಮಠಾಣದವನು, ಬೀದರದ ಅಡತ ಬಜಾರದಲ್ಲಿ ಹಮಾಲರನ್ನು ದುಡಿಸುವ ಮುಕಾದಮ. ಮಗ ಗೋರಖನಾಥನಿಗೆ ರೇಲ್ವೆಯಲ್ಲಿ ಪಕ್ಕಾ ನೌಕರಿ. ಅಂಥ ಗಂಡು ಮೆಹಕರದ ಕಡೆ ಹುಡುಕಿದರೂ ಸಿಗುತ್ತಿರಲಿಲ್ಲ, ಕೇಶರಬಾಯಿಯ ತವರೂರು ಔರಾದದಲ್ಲಿ ಹುಡುಕಿದ್ದೂ ಆಗಿತ್ತು. ಆದರೆ ಕಾಶೀರಾಮ ಮನಿತನ ನೋಡುವ ಪದ್ಧತಿಯೇ ಬೇರೆ. ಅವನು ಹೆಣ್ಣಿನ ಮನೆಗೆ ಹೋಗಿ ಚಾದ್ರದ ಮೇಲೆ ಕೂತು ಅವಲಕ್ಕಿ ತಿನ್ನುವವನಲ್ಲ. ಮೊದಲು ಹೆಣ್ಣಿನ ತಂದೆ ದುಡಿಯುವ ಜಾಗಕ್ಕೆ ಹೋಗಿ ನಿಲ್ಲುತ್ತಾನೆ, ಅವನನ್ನು ಯಾರು ಹೇಗೆ ಕರೆಯುತ್ತಾರೆ, ಅವನು ಯಾರ ಮುಂದೆ ಹೇಗೆ ನಿಲ್ಲುತ್ತಾನೆ ನೋಡುತ್ತಾನೆ. ಆಮೇಲೆ ಮನಸ್ಸಿಗೆ ಬಂದರೆ ಮನೆಗೆ.

ಈ ಸುದ್ದಿ ತಂದವನು ಗಿರಣಿಯ ಗೇಟಿನ ಮುಂದೆ ಚಹಾ ಮಾರುತ್ತಿದ್ದ ಯುನುಸ. ಬೀದರ ಬಜಾರದ ಸುದ್ದಿಯೆಲ್ಲ ರೈಲಿನಲ್ಲಿ ಬಂದು ಮೊದಲು ಅವನ ಕೆಟಲಿಯಲ್ಲೇ ಕುದಿಯುತ್ತಿತ್ತು.

"ಬರೋ ಗುರುವಾರ ಬರ್ತಾನಂತ," ಅಂದ ಯುನುಸ. "ಇಲ್ಲೇ ಗೇಟಿನ ಹತ್ರ ನಿಂದ್ರತಾನ. ಹಿಂದ ಒಬ್ಬ ಹೆಣ್ಣಿನ ತಂದಿಗೆ ಕಿರಾಣಿ ಅಂಗಡಿಯವ ಏಕವಚನದಾಗ ಕರದಾ ಅಂತ ಸಂಬಂಧನ ಮುರದ್ನಂತ."

ಮಾಣಿಕನ ಕೈಯಲ್ಲಿದ್ದ ಚಹಾ ಅಲ್ಲೇ ಆರಿತು. ಏಕವಚನಕ್ಕೇ ಸಂಬಂಧ ಮುರಿದವನು ಟಪಲಿ ನೋಡಿದರೆ ಭಾಲ್ಕಿಯ ಕಡೆ ತಲೆ ಹಾಕಿಯಾದರೂ ಮಲಗಿಯಾನೆ?

"ಈಗ ಮೈಸೂರು ಸರ್ಕಾರ ಬಂದದ," ಎಂದು ಯುನುಸನೇ ಧೈರ್ಯ ಹೇಳಿದ. "ಮೈಸೂರಾಗ ಹೊಡಿಯೋದು ಬಂದ್ ಅದ. ಅಲ್ಲಿ ಎಮ್ಮಿಗೂ 'ಬನ್ನಿ' ಅಂತ ಕರೀತಾರಂತ. ನೀ ಹೋಗಿ ಹೇಳು ನಿಮ್ಮ ಸಾಹೇಬಗ."

ಯುನುಸ ಮೈಸೂರು ನೋಡಿದವನಲ್ಲ, ವಿಕಾರಾಬಾದ ದಾಟಿದವನೂ ಅಲ್ಲ. ಆದರೆ ಆ ದಿನಗಳಲ್ಲಿ ಮೈಸೂರಿನ ಬಗ್ಗೆ ಯಾರು ಏನು ಹೇಳಿದರೂ ಮಂದಿ ನಂಬುತ್ತಿದ್ದರು. ಮಾಣಿಕನೂ ನಂಬಿ ನೇರವಾಗಿ ಮ್ಯಾನೇಜರನ ಕೋಣೆಗೆ ಹೋದ.

"ಸಾಹೇಬ್ರ, ಈಗ ಮೈಸೂರು ಸರ್ಕಾರ ಅದರಿ. ಹೊಡಿಯೋದು ಬಂದ್ ಆಗ್ಯಾದಂತ."

ಗುಂಡೇರಾವ ಅರಳೆ ಚೀಲದ ಮೇಲಿನ ಕಾಲು ಕೆಳಗಿಳಿಸಿದ. ಸಿಟ್ಟು ಮಾಡಲಿಲ್ಲ, ಸಾವಧಾನವಾಗಿ ಹೇಳಿದ. "ಅದು ಮೈಸೂರಿನ ಮಂದಿಗಿ. ನಾವು ಅವರ ಕೂಡ ಸೇರೇವಿ ಅಷ್ಟೆ, ನಾವು ಅವರಾಗಿಲ್ಲ. ಬಗ್ಗು."

ಮಾಣಿಕ ಬಗ್ಗಿದ. ಹೊಸ ರಾಜ್ಯದಲ್ಲಿ ಅವನಿಗೆ ಬಿದ್ದ ಮೊದಲ ಟಪಲಿ ಅದು.

ಭಾನುವಾರ ಸೂಟಿ. ಮಾಣಿಕ ರೈಲು ಹತ್ತಿ ಬೀದರಕ್ಕೆ ಹೋಗಿ ಗಿರಣಿಯ ಯಜಮಾನ ಸೇಠನ ಮನೆಯ ಪಡಸಾಲೆಯಲ್ಲಿ ಕೈಕಟ್ಟಿ ನಿಂತ. ಸೇಠ ಎಲೆ ಅಡಿಕೆ ಹಾಕಿಕೊಂಡು ಪೂರಾ ಕೇಳಿದ. ಅವನ ಮುಖ ಅರಳುತ್ತ ಹೋಯಿತು.

"ಗುಂಡ್ಯಾ ಹೊಡೀತಾನ? ಖರೇ ಹೇಳ್ತಿ ಏನು? ಹತ್ತು ವರ್ಷ ಅವಗ ನಾ ಟಪಲಿ ಕೊಟ್ಟೇನಿ. ಗುಮಾಸ್ತ ಇದ್ದಾಗ ಅಂವ ದಡ್ಡ ಅಂದ್ರ ದಡ್ಡ. ಏನೂ ಕಲೀಲಿಲ್ಲ ಅಂದ್ಕೊಂಡಿದ್ದೆ ನೋಡು, ಇದೊಂದರೆ ಕಲ್ತಾನ."

ಮಾಣಿಕನಿಗೆ ಇದು ಹೊಸ ಸುದ್ದಿ. ತಿರುಗಿ ಬರುವಾಗ ರೈಲಿನ ಕಿಟಕಿಯ ಪಕ್ಕ ಕೂತು ಗುಂಡೇರಾವ ಟಪಲಿ ತಿನ್ನುವುದನ್ನು ಮನಸ್ಸಿನಲ್ಲಿ ಕಂಡ. ಅವನಿಗೆ ಬಗ್ಗುವ ತೊಂದರೆಯಾದರೂ ಇದ್ದಿಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹೊಟ್ಟೆಕಿಚ್ಚಿಗೆ ಊರಲ್ಲೂ ಕಾರಣವಿತ್ತು. ಆ ದಸರೆಗೆ ಮೆಹಕರದ ಕೆಲವರು ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದರು. ಇನ್ನು ಮುಂದೆ ಯಾರಿಗೂ ತಲೆ ಬಾಗಿಸಂಗಿಲ್ಲ ಎಂದು ಕಟ್ಟೆಯ ಮೇಲೆ ಕೂತು ಎದೆ ಉಬ್ಬಿಸಿ ಹೇಳುತ್ತಿದ್ದರು. ಅವರ ಮಾತು ಕೇಳಿದಾಗಲೆಲ್ಲ ಮಾಣಿಕನ ಎದೆಯೂ ಉಬ್ಬುತ್ತಿತ್ತು, ತಾನೂ ಹೋಗಿದ್ದರೆ ಚೆನ್ನಾಗಿರುತ್ತಿತ್ತು ಅನಿಸುತ್ತಿತ್ತು. ಆಮೇಲೆ ಗಿರಣಿಯ ನೆನಪಾಗಿ, ಇವರ ಮ್ಯಾನೇಜರರೆಲ್ಲ ಎತ್ತರದವರೇ ಇರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದ.

ಗುರುವಾರ ಹತ್ತಿರ ಬಂತು. ಕೇಶರಬಾಯಿ ಕಡಲೆಬೇಳೆ ಆರಿಸಿದಳು, ಬೆಲ್ಲ ತರಿಸಿದಳು, ಔರಾದದ ತಮ್ಮನಿಂದ ಒಂದು ಗಡಿಗೆ ತುಪ್ಪ ತರಿಸಿ ಅದಕ್ಕೆ ಯಾರೂ ಕೈ ಹಾಕದಂತೆ ನೆಲುವಿನ ಮೇಲಿಟ್ಟಳು. ಬೀಗರಾಗುವವರಿಗೆ ಹೂರಣದ ಹೋಳಿಗೆ. ಗಂಡನ ರುಮಾಲು ತೊಳೆದು ಒಣಗಿಸುತ್ತ, "ನಿಮಗ ಗಿರಣ್ಯಾಗ ಭಾಳ ಮಾನ ಅದ ಅಂತ ನಮ್ಮ ತಮ್ಮ ಬೀಗರ ಮುಂದ ಹೇಳ್ಯಾನರಿ, ಅಷ್ಟು ಉಳಿಸ್ರಿ" ಅಂದಳು. ಹದಿನೇಳು ವರ್ಷ ಟಪಲಿ ತಿಂದರೂ ಮಾಣಿಕ ಮನೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ.

ಬುಧವಾರ ಮಧ್ಯಾಹ್ನ, ಮಂದಿಯೆಲ್ಲ ರೊಟ್ಟಿ ತಿನ್ನಲು ಹೋದಾಗ ಮಾಣಿಕ ಗುಂಡೇರಾವನನ್ನು ಹತ್ತಿ ಒತ್ತುವ ಪ್ರೆಸ್ಸಿನ ಕೋಣೆಯ ಹಿಂದೆ ಕರೆದ. ಅವನಿಗೆ ಹೊಳೆದ ಉಪಾಯ ಪ್ರಪಂಚದಲ್ಲಿ ಇನ್ನಾರಿಗೂ ಹೊಳೆಯುವಂಥದಲ್ಲ. ಗಿರಣಿಯಲ್ಲಿ ಎಲ್ಲದಕ್ಕೂ ಮುಂಗಡದ ಪದ್ಧತಿಯಿತ್ತು. ಹತ್ತಿಗೆ ಮುಂಗಡ, ಬಂಡಿಗೆ ಮುಂಗಡ, ಹಬ್ಬಕ್ಕೆ ಪಗಾರದ ಮುಂಗಡ. ಹಾಗಿದ್ದ ಮೇಲೆ ಇದಕ್ಕೆ ಯಾಕಿರಬಾರದು?

"ಸಾಹೇಬ್ರ, ನಾಳಿ ನಮ್ಮ ಬೀಗರು ಬರ್ತಾರ್ರಿ. ಮಗಳ ಲಗ್ನದ ಮಾತು. ಅವರ ಮುಂದ ಟಪಲಿ ಬಿತ್ತಂದ್ರ ನನ್ನ ಮಗಳ ಗತಿ ಮುಗೀತ್ರಿ. ನಾಳಿಂದು ಇವತ್ತೇ ಹೊಡದುಬಿಡ್ರಿ. ಬೇಕಾದ್ರ ನಾಡದ್ದಿಂದೂ ಕೂಡಿಸ್ರಿ."

ಹೀಗೆಂದು ರುಮಾಲು ತೆಗೆದು ಬಗಲಲ್ಲಿಟ್ಟುಕೊಂಡು ಬಗ್ಗಿ ನಿಂತ.

ಗುಂಡೇರಾವ ಹತ್ತಿರ ಬಂದ. ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಮತ್ತೊಮ್ಮೆ ಎತ್ತಿದ. ಮುದುಕರು ಎಮ್ಮೆಯ ಬೆನ್ನು ತಟ್ಟಿದಂತೆ ಒಂದು ಬಿತ್ತು, ಸದ್ದೇ ಬರಲಿಲ್ಲ.

"ಸಿಟ್ಟು ಬರದ ಹ್ಯಾಂಗ ಹೊಡೀಬೇಕೋ?" ಎಂದ ಅವನು, ತನಗೇ ಕೇಳಿಕೊಂಡಂತೆ. "ಏನರೆ ತಪ್ಪು ಮಾಡು."

"ಏನು ಮಾಡ್ಲಿರಿ?"

"ಏನರೆ ಮಾಡೋ, ಅದನ್ನೂ ನಾನ ಹೇಳಬೇಕೇನು?"

ಮಾಣಿಕ ಬಗ್ಗಿಕೊಂಡೇ ಅತ್ತಿತ್ತ ನೋಡಿ, ಗೋಡೆಗೆ ಒರಗಿಸಿದ್ದ ಒಂದು ಖಾಲಿ ಬುಟ್ಟಿಯನ್ನು ಕಾಲಿನಿಂದ ಕೆಡವಿದ. ಗುಂಡೇರಾವ ಬುಟ್ಟಿಯನ್ನು ನೋಡಿದ. ಬರಲಿಲ್ಲ ಸಿಟ್ಟು. ಹಲ್ಲು ಕಚ್ಚಿದ, ಮೂಗು ಉಬ್ಬಿಸಿದ, ಹಿಂದಿನ ವರ್ಷ ಬೆಂಕಿ ಬಿದ್ದು ಸುಟ್ಟ ಹತ್ತಿಯ ಗಂಟುಗಳನ್ನೆಲ್ಲ ನೆನೆಸಿಕೊಂಡ. ಎದುರಿಗೆ ನರೆ ಬಂದ ಒಂದು ತಲೆ ಬರಿದಾಗಿ ಕಾಯುತ್ತ ನಿಂತಿತ್ತು. ಇಷ್ಟು ವರ್ಷ ಹೊಡೆದ ತಲೆಯನ್ನು ಗುಂಡೇರಾವ ಸರಿಯಾಗಿ ನೋಡಿದ್ದು ಅದೇ ಮೊದಲು, ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದ ಮನುಷ್ಯ ಮಾಡುವಂತೆ ಗದರಿದ.

"ಹೋಗೋ ಕೆಲಸಕ್ಕ. ನಾಳಿ ಹೊಡಿಯಂಗಿಲ್ಲ. ಒಂದ ದಿನ ಅಷ್ಟೆ, ನೆನಪಿಡು."

ಗುರುವಾರ ಬೆಳಿಗ್ಗೆ ಕಾಶೀರಾಮ ಬಂದೇ ಬಂದ. ದಪ್ಪ ಮೀಸೆ, ಕೆಂಪು ರುಮಾಲು, ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ. ಯುನುಸನ ಹತ್ತಿರ ಚಹಾ ತಗೊಂಡು ಗೇಟಿನೊಳಗೆ ಬಂದು ಕಾಂಟಾದ ಪಕ್ಕದ ಬೇವಿನ ಗಿಡಕ್ಕೆ ಒರಗಿ ನಿಂತ. ಮಾಣಿಕ ಕಂಡೂ ಕಾಣದಂತೆ ತೂಗತೊಡಗಿದ. ಗುಂಡೇರಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡು ಹೊರಗೆ ಬಂದ. ಪಾಪ, ಬೆವರುತ್ತಿದ್ದ.

"ಮಾಣಿಕರಾವ ಅವರ, ಎಷ್ಟು ಬಂಡಿ ಆದ್ವರಿ?" ಎಂದು ಕೇಳಿದ.

ಬಂಡಿಯವರೆಲ್ಲ ತಿರುಗಿ ನೋಡಿದರು, ಮಾಣಿಕರಾವ ಅಂದರೆ ಯಾರೆಂದು. ಮಾಣಿಕನೂ ತಿರುಗಿ ನೋಡಿದ. ಆ ತಿರುಗಿ ನೋಡಿದ್ದರಲ್ಲೇ ಎಡವಟ್ಟಾಯಿತು. ಕಾಂಟಾದ ಮೇಲೆ ಅರ್ಧ ಏರಿಸಿದ್ದ ದೊಡ್ಡ ಗಂಟು ಜಾರಿ, ಉರುಳಿ, ನೇರವಾಗಿ ಗುಂಡೇರಾವನ ಕಾಲ ಮೇಲೆ ಬಿತ್ತು.

ಗುಂಡೇರಾವನ ಕೈ ಬೆನ್ನ ಹಿಂದಿನಿಂದ ಬಿಚ್ಚಿಕೊಂಡು ಮೇಲಕ್ಕೆ ಹಾರಿತು. ಮಾಣಿಕನ ಸೊಂಟ ತಾನೇ ಬಗ್ಗಿತು. ತಲೆ ತನ್ನ ಮಟ್ಟಕ್ಕೆ ಬಂದು ನಿಂತಿತು. ಎತ್ತಿದ ಕೈಗೆ ಕೊಟ್ಟ ಮಾತು ನೆನಪಾಗಿ ಅದು ಗಾಳಿಯಲ್ಲೇ ನಿಂತಿತು. ಒಬ್ಬ ಕೈ ಎತ್ತಿ, ಇನ್ನೊಬ್ಬ ತಲೆ ಕೊಟ್ಟು, ಇಬ್ಬರೂ ಹಾಗೇ. ಏಟು ಬಿದ್ದಿದ್ದರೆ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಮುಗಿಯಿತು ಎಂದುಕೊಂಡ ಮಾಣಿಕ. ನೆಲ ನೋಡುತ್ತಲೇ ಕಾಶೀರಾಮನ ಜೋಡು ಹತ್ತಿರ ಬರುವುದನ್ನು ನೋಡಿದ. ಮಗಳ ಮುಖ, ನೆಲುವಿನ ಮೇಲಿನ ತುಪ್ಪ, ಹೆಂಡತಿ ತೊಳೆದ ರುಮಾಲು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದವು.

ಕಾಶೀರಾಮ ಬೆತ್ತ ನೆಲಕ್ಕೂರಿ ಗುಂಡೇರಾವನ ಕಡೆ ತಿರುಗಿ ನಕ್ಕ. ಮನಸಾರೆ ನಕ್ಕ.

"ಭೇಷ್ ಸಾಹೇಬ್ರ. ಹೊಡಿಯೋದಂತೂ ಯಾರರೆ ಹೊಡೀತಾರ. ಕೈ ಎತ್ತಿದ ಕೂಡ್ಲೆ ತಾನ ಬಗ್ಗೋ ಆಳು ಸಿಗೋದು ಭಾಳ ಕಷ್ಟರಿ. ಹಿಂದ ಒಬ್ಬ ಏಕವಚನಕ್ಕ ಎದುರು ಮಾತಾಡಿದ, ಸಂಬಂಧನ ಮುರದೆ. ಇದು ಮನಿತನ. ನನಗ ಪಸಂದ ಆತು." ಆಮೇಲೆ ಮಾಣಿಕನ ಹೆಗಲ ಮೇಲೆ ಕೈಯಿಟ್ಟು, ತನ್ನವನೇ ಎಂಬಂತೆ ಹೇಳಿದ. "ನನ್ನ ಹಿರಿ ಸೊಸಿ ಬಗ್ಗೋದು ಕಲಿಯೋಕ ಮೂರು ವರ್ಷ ಹಿಡೀತ್ರಿ ಬೀಗರ. ಬೆತ್ತನೂ ಮುರೀತು, ಇದು ಹೊಸಾದು. ನಿಮ್ಮ ಮಗಳಿಗಿ ಅದೆಲ್ಲ ಕಲಸೋ ತ್ರಾಸ ಇಲ್ಲ. ನೋಡಿ ಬೆಳದಾಳ. ನಡೀರಿ, ಮನಿಗಿ ಹೋಗಿ ಮಾತು ಮುಗಸೂಣು."

ಮಾಣಿಕ ಇನ್ನೂ ಬಗ್ಗಿಯೇ ಇದ್ದ. ಅವನಿಗೆ ಮೊದಲು ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಸಂಬಂಧ ಉಳಿಯಿತು ಎಂದು ಜೀವ ತಂಪಾಯಿತು. ಆ ತಂಪು ಹೊಟ್ಟೆಗಿಳಿಯುವ ಮೊದಲೇ ಕಾಶೀರಾಮನ ಉಳಿದ ಮಾತು ತಲೆಗೆ ಹತ್ತಿತು. ಬೆಳ್ಳಿ ಕಟ್ಟಿನ ಬೆತ್ತ ಅವನ ಮೂಗಿನ ಮುಂದೆಯೇ ಇತ್ತು. ಅದನ್ನು ನೋಡುತ್ತ ನೋಡುತ್ತ ಮಾಣಿಕ ಸೊಂಟ ಎತ್ತಿದ, ಬೆನ್ನು ಎತ್ತಿದ, ಕೊನೆಗೆ ತಲೆ ಎತ್ತಿದ. ಅವನು ಪೂರಾ ನೆಟ್ಟಗಾಗುವಷ್ಟರಲ್ಲಿ ಕಾಶೀರಾಮ ಕತ್ತು ಮೇಲೆ ಮಾಡಿ ನೋಡಬೇಕಾಯಿತು.

"ಹುಡುಗಿ ಕೊಡಂಗಿಲ್ರಿ," ಅಂದ ಮಾಣಿಕ.

"ಏನಂದ್ರಿ?"

"ನಿಮ್ಮ ಮನಿಗಿ ಕೊಡಂಗಿಲ್ಲ. ಅಕಿಗಿ ಬಗ್ಗೋದು ಬರಂಗಿಲ್ರಿ. ನಾ ಕಲಿಸಿಲ್ಲ."

ಬಂಡಿಯವರು ಎತ್ತಿನ ಹಗ್ಗ ಕೈಬಿಟ್ಟು ನಿಂತರು. ಯುನುಸ ಕೆಟಲಿ ಹಿಡಿದುಕೊಂಡೇ ಗೇಟಿನೊಳಗೆ ಬಂದ. ಕಾಶೀರಾಮ ಕೆಂಪಗಾಗಿ, ತಾನು ಯಾರು, ತನ್ನ ಮಗನ ನೌಕರಿ ಎಂಥದು ಎಂದೆಲ್ಲ ಹೇಳಿ, ಬೆತ್ತ ಝಾಡಿಸಿ, ಸ್ಟೇಷನ್ನಿನ ಕಡೆ ನಡೆದುಬಿಟ್ಟ. ಚಹಾದ ದುಡ್ಡೂ ಕೊಡಲಿಲ್ಲವೆಂದು ಯುನುಸ ಆಮೇಲೆ ಬಹಳ ದಿನ ಹೇಳುತ್ತಿದ್ದ.

ಉಳಿದವನು ಗುಂಡೇರಾವ. ಒಬ್ಬ ದೊಡ್ಡ ಮನುಷ್ಯ ಬಂದು ಅವನನ್ನು ಮಂದಿಯ ಮುಂದೆ ಹೊಗಳಿದ್ದ, ಆ ಹೊಗಳಿಕೆಗೆ ಮಣ್ಣು ಹಾಕಿದವನು ಮಾಣಿಕ. ಕಾಲು ಬೇರೆ ನೋಯುತ್ತಿತ್ತು. ನಿನ್ನೆ ಕರೆದರೂ ಬರದ ಸಿಟ್ಟು ಈಗ ಒದ್ದುಕೊಂಡು ಬಂತು.

"ಮನಿಗಿ ಬಂದ ಬೀಗರಿಗಿ ಹಿಂಗ ಮಾತಾಡ್ತಿ ಏನೋ?" ಎಂದು ಕೈ ಎತ್ತಿದ.

ಮಾಣಿಕ ಬಗ್ಗಲಿಲ್ಲ.

ಗುಂಡೇರಾವ ತುದಿಗಾಲಲ್ಲಿ ನಿಂತ. ಕೈ ಅಂಗಿಯ ಕಾಲರಿನವರೆಗೆ ಹೋಗಿ ಅಲ್ಲೇ ತಡಕಾಡಿತು.

"ಬಗ್ಗು," ಅಂದ.

"ಇಲ್ರಿ."

"ಬಗ್ಗೋ ಅಂದೆ."

"ಇಲ್ರಿ ಸಾಹೇಬ್ರ. ನಾ ನಿಮಗ ಏನೂ ಮಾಡಂಗಿಲ್ಲ, ಅಂಜಬ್ಯಾಡ್ರಿ. ಸುಮ್ನ ನಿಂತಿರ್ತೇನಿ."

ಗುಂಡೇರಾವ ತನ್ನ ಕೋಣೆಯ ಕಡೆ, ಕಾಲಡಿಯ ಅರಳೆ ಚೀಲದ ಕಡೆ ಒಮ್ಮೆ ನೋಡಿದ. ಅದನ್ನು ತಂದುಕೊಡಲು ಯಾರೂ ಮಿಸುಕಲಿಲ್ಲ. ಹಾರಬೇಕೆಂದರೆ ಹತ್ತಿಯ ರಾಶಿ ಪಕ್ಕದಲ್ಲೇ ಇತ್ತು. ಸ್ವಲ್ಪ ಹೊತ್ತು ಹಾಗೇ ಕೈ ಎತ್ತಿಕೊಂಡಿದ್ದು, ಕೊನೆಗೆ ಮಾಣಿಕನ ಕಾಲರಿನ ಮೇಲೆ ಕೂತಿದ್ದ ಒಂದು ಎಳೆ ಅರಳೆಯನ್ನು ಎರಡು ಬೆರಳಿನಿಂದ ತೆಗೆದು ಊದಿದ.

"ಅರಳಿ ಕೂತಿತ್ತು," ಅಂದ.

"ಹೌದ್ರಿ," ಅಂದ ಮಾಣಿಕ.

ಕೆಲಸದಿಂದ ತೆಗೆಯುತ್ತೇನೆಂದು ಗುಂಡೇರಾವ ಸಂಜೆಯವರೆಗೆ ಗೊಣಗಿದ. ಆದರೆ ಕಾಯಂ ಆಳನ್ನು ತೆಗೆಯಬೇಕಾದರೆ ಬೀದರದ ಸೇಠನಿಗೆ ಕಾರಣ ಹೇಳಬೇಕು. ಕೈ ಎಟುಕಲಿಲ್ಲ ಎಂಬ ಕಾರಣವನ್ನು ಯಾವ ಮುಖದಿಂದ ಹೇಳುವುದು? ಗೊಣಗುವುದು ಅಲ್ಲಿಗೇ ನಿಂತಿತು.

ಮನೆಯ ಕತೆ ಅಷ್ಟು ಹಗುರವಾಗಿರಲಿಲ್ಲ. ಹೋಳಿಗೆಯ ವಾಸನೆ ಮೆಹಕರದ ಓಣಿಯ ತುದಿಗೇ ಬರುತ್ತಿತ್ತು. ಒಬ್ಬನೇ ಬಂದ ಗಂಡನನ್ನು ನೋಡಿ ಕೇಶರಬಾಯಿ ಒಲೆಯ ಮುಂದಿನಿಂದ ಎದ್ದಳು. ಮಾಣಿಕ ಗೋಡೆಗೆ ಒರಗಿ ಕೂತು ಎಲ್ಲ ಹೇಳಿದ. ಹದಿನೇಳು ವರ್ಷದ್ದನ್ನೂ ಹೇಳಿದ, ಅಂದಿನದನ್ನೂ ಹೇಳಿದ. ಅನುಸೂಯಾ ಒಳಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು.

ಕೇಶರಬಾಯಿಗೆ ಅಳು ಬಂತು, ಅಳುವಿಗಿಂತ ಜೋರಾಗಿ ಸಿಟ್ಟು ಬಂತು. ಅಂಥ ನೌಕರಿಯ ಗಂಡು ಮತ್ತೆಲ್ಲಿ ಸಿಗಬೇಕು?

"ಅಷ್ಟು ವರ್ಷ ಹೊಡಿಸ್ಕೊಂಡ್ರಿ," ಅಂದಳು. "ಇವತ್ತೊಂದಿನ ಮಾನ ಬಂತೇನು ನಿಮಗ? ಮಗಳ ಸಲುವಾಗಿ ಇನ್ನೊಂದ ಸಲ ಬಗ್ಗಿದ್ರ ನಿಮ್ಮ ತಲಿ ಏನು ಸವೀತಿತ್ತು?"

"ನಾ ಬಗ್ಗಿದ್ನಲ್ಲ ಕೇಶರ," ಅಂದ ಮಾಣಿಕ. "ನಂದಾಗಿದ್ರ ಇನ್ನೂ ಹದಿನೇಳು ವರ್ಷ ಬಗ್ತಿದ್ದೆ. ಅಂವ ಕೇಳಿದ್ದು ನನ್ನ ತಲಿ ಅಲ್ಲ, ಅಕಿ ತಲಿ."

ಕೇಶರಬಾಯಿ ಮಗಳ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ನೆಲುವಿನಿಂದ ತುಪ್ಪದ ಗಡಿಗೆ ಇಳಿಸಿ ತಂದು, "ಕುಂದ್ರು ಬಾ, ಹೋಳಿಗಿ ಆರ್ತಾವ" ಎಂದು ಅನುಸೂಯಾಳ ಎದುರು ತಾಟು ಇಟ್ಟಳು. ತುಪ್ಪ ಸುರಿದಳು. ಸಾಕು ಅನ್ನುತ್ತಾಳೇನೋ ಎಂದು ಕಾದಳು, ಹುಡುಗಿ ಅನ್ನಲಿಲ್ಲ, ಇನ್ನಷ್ಟು ಸುರಿದಳು.